ಜೋಡಿ ರೇಟಿನ ಕಾರು

ಮೂವತ್ನಾಲ್ಕು ವರ್ಷ ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಹೊಟ್ಟೆಕಿಚ್ಚು ಪಡಬಾರದು, ಜಂಬ ಕೊಚ್ಚಬಾರದು ಎಂದು ಪಾಠ ಹೇಳಿದವಳು ನಾನು. ನಿವೃತ್ತಿಯಾದ ಮೇಲೆ ಎರಡನ್ನೂ ಮನಸಾರೆ ಮಾಡಿದೆ. ಹೇಳಲು ನಾಚಿಕೆಯೇನಿಲ್ಲ. ಆ ದೊಡ್ಡ ಕಾರು ನನಗೆ ಬೇಕಾಗಿದ್ದು ತಿರುಗಾಡಲಿಕ್ಕಲ್ಲ. ನನ್ನ ನೆಗೆಣ್ಣಿ ಮಾನಮ್ಮನ ಮನೆಯ ಮುಂದೆ ಒಂದೇ ಒಂದು ಸಲ ಜೋರಾಗಿ ಹಾರ್ನ್ ಹೊಡೆದು ಹಾದುಹೋಗಲಿಕ್ಕೆ.

ಮಾನಮ್ಮ ನನ್ನ ಗಂಡನ ಅಣ್ಣನ ಹೆಂಡತಿ. ಆರು ವರ್ಷದ ಹಿಂದೆ ಸುರಪುರದ ಒಂದು ಮದುವೆಗೆ ಎರಡೂ ಮನೆಯವರು ಸೇರಿ ಜೀಪು ಬಾಡಿಗೆ ಮಾಡಿದ್ದೆವು. ನನಗೆ ಮೊಣಕಾಲು ಬಾತು ಮಡಚಲು ಬರುತ್ತಿರಲಿಲ್ಲ. ಮುಂದಿನ ಸೀಟು ಕೇಳೋಣವೆಂದು ಕುಂಟುತ್ತ ಹೋಗುವಷ್ಟರಲ್ಲಿ ಮಾನಮ್ಮ ಅಲ್ಲಿ ಏರಿ ಕೂತು ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಆದರೂ ಕೇಳಿದೆ. “ನೀ ಪಗಾರ ಎಣಿಸಾಕಿ. ನಿಂದ ಒಂದ ಗಾಡಿ ತಗೊಂಡು ಅದರಾಗ ಮುಂದ ಕುಂದ್ರು” ಎಂದಳು, ಬೀಗರೆಲ್ಲ ಕೇಳುವಂತೆ. ನಾನು ಹಿಂದೆ, ಉಡುಗೊರೆಯ ತಾಮ್ರದ ಹಂಡೆಗೂ ಎರಡು ಅಕ್ಕಿ ಚೀಲಕ್ಕೂ ನಡುವೆ, ಕಾಲು ನೆಟ್ಟಗೆ ಚಾಚಿಕೊಂಡು ಸುರಪುರ ಮುಟ್ಟಿದೆ. ಅವತ್ತಿಗೆ ಮಾತು ನಿಂತಿತು. ಅಣ್ಣತಮ್ಮಂದಿರು ಹೊಲದಲ್ಲಿ ಗುಟ್ಟಾಗಿ ಮಾತಾಡಿಕೊಳ್ಳುತ್ತಿದ್ದರು, ಅದು ನಮಗಿಬ್ಬರಿಗೂ ಗೊತ್ತಿತ್ತು. ನಾವು ಮಾತ್ರ ಒಂದೇ ಓಣಿಯಲ್ಲಿ ಎದುರಾದರೆ ಒಬ್ಬಳು ಆಕಾಶ ನೋಡುತ್ತಿದ್ದಳು, ಇನ್ನೊಬ್ಬಳು ಚಪ್ಪಲಿ.

ಈ ವರ್ಷ ಕಡೇಚೂರಿನ ಕಡೆ ತವರಿನವರು ನನಗೆ ಬಿಟ್ಟಿದ್ದ ಹೊಲ ಮಾರಾಟವಾಯಿತು. ಮಗ್ಗುಲಲ್ಲೇ ಕಾರ್ಖಾನೆಗಳು ಎದ್ದಿದ್ದರಿಂದ ಕೇಳಿದ ಬೆಲೆ ಬಂತು. ನಲವತ್ತೊಂದು ಲಕ್ಷ. ನಮ್ಮವರು, ಅಂದರೆ ಹುಲಗಪ್ಪ, ಕಾಲುವೆ ಕೆಳಗೆ ಭತ್ತ ಮಾಡುವ ಮನುಷ್ಯ, ಒಂದು ಮಾತು ಆಡಲು ಒಂದು ಎಲೆಅಡಿಕೆ ಮುಗಿಸುತ್ತಾರೆ. “ರೊಕ್ಕ ನಿಂದು. ಏನರ ತಗೋ. ಆದರ ನಿನ್ನ ಪಿಂಚಣಿಗಿ ಮಾತ್ರ ಕೈ ಹಾಕಬ್ಯಾಡ” ಎಂದರು. ನಾನು ಕಾರು ಎಂದೆ. ಅವರಿಗೆ ಅಡಿಕೆ ಗಂಟಲಿಗೆ ಸಿಕ್ಕಿತು.

ನನ್ನ ಅವಸರಕ್ಕೆ ಕಾರಣವಿತ್ತು. ಭಾವ, ಮಾನಮ್ಮನ ಗಂಡ ಖಂಡಪ್ಪನವರಿಗೆ ಶಹಾಪುರದಲ್ಲಿ ಹತ್ತಿಯ ಅಡತಿ ಅಂಗಡಿ, ಕಮಿಷನ್ ವ್ಯಾಪಾರ. ಹತ್ತಿಯ ಸುಗ್ಗಿ ಮುಗಿದ ಕೂಡಲೇ ತಾನೂ ದೊಡ್ಡ ಕಾರು ತರುತ್ತೇನೆಂದು ಮಾನಮ್ಮ ಹಿಟ್ಟಿನ ಗಿರಣಿಯಲ್ಲಿ ನಿಂತು ಎಲ್ಲರಿಗೂ ಹೇಳಿದ್ದಳು. ಅವಳ ಕಾರು ಮೊದಲು ಬಂದುಬಿಟ್ಟರೆ ನನ್ನ ಕಾರಿಗೆ ಏನು ಬೆಲೆ? ಎಷ್ಟು ಒಳ್ಳೆಯದಾಗಿದ್ದರೂ ಎರಡನೆಯದು ಎರಡನೆಯದೇ.

ಯಾದಗಿರಿಯಲ್ಲಿ ಹೊಸದಾಗಿ ತೆರೆದಿದ್ದ ಕಾರಿನ ಅಂಗಡಿಗೆ ಫೋನು ಮಾಡಿ ವಿಚಾರಿಸಿದೆ. ನಾನು ಕಣ್ಣಿಟ್ಟಿದ್ದ ಬಿಳಿಯ ಉದ್ದನೆಯ ಕಾರಿಗೆ, ತೆರಿಗೆ ಗಿರಿಗೆ ಎಲ್ಲ ಸೇರಿ, ನಲವತ್ತಾರು ಲಕ್ಷ ಎಂದರು. ಐದು ಲಕ್ಷ ಕಡಿಮೆ ಬಿತ್ತು. ನಮ್ಮವರು ಇಡೀ ಒಂದು ಎಲೆ ಜಗಿದು ಮುಗಿಸಿ, “ಸರದಾರ ಕಾಕಾನ ಕರಕೊಂಡ ಹೋಗೋಣು” ಎಂದರು.

ಕೆಂಭಾವಿಯ ಸರದಾರಸಾಬ ಎತ್ತಿನ ದಲ್ಲಾಳಿ. ಕಾಲುವೆಗೆ ನೀರು ಬರುವ ಮುಂಚಿನಿಂದ ನಮ್ಮ ಮನೆಯ ಪ್ರತಿಯೊಂದು ಎತ್ತೂ ಅವರ ಕೈಯಿಂದಲೇ ಬಂದದ್ದು. ಕೆಂಭಾವಿಯ ಸಂತೆಯಲ್ಲಿ ಅವರು ಹೆಗಲ ಟವೆಲ್ ತೆಗೆದರೆ ಜನ ಸುತ್ತ ನೆರೆಯುತ್ತಿದ್ದರು. ಮಾರುವವನ ಕೈ, ಕೊಳ್ಳುವವನ ಪರವಾಗಿ ಇವರ ಕೈ, ಎರಡೂ ಟವೆಲ್ ಕೆಳಗೆ. ಬಾಯಿ ಬಿಡುವ ಹಾಗಿಲ್ಲ. ಒಂದು ಬೆರಳು ಹಿಡಿದರೆ ಒಂದು, ಇಡೀ ಹಸ್ತ ಹಿಡಿದರೆ ಐದು. ಸುತ್ತಲಿನವರಿಗೆ ರೇಟು ತಿಳಿಯದು, ಮುಖ ನೋಡಿ ಊಹಿಸಬೇಕು. ಸರದಾರಸಾಬರ ಮುಖ ನೋಡಿ ಯಾರೂ ಏನೂ ಊಹಿಸಿದ್ದಿಲ್ಲ. ಕಾಲುವೆ ಬಂತು, ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರು ಬಂದವು. ಜೋಡಿ ಎತ್ತು ಕಟ್ಟುವವರು ಬೆರಳೆಣಿಕೆಯಷ್ಟಾದರು. ಟವೆಲ್ ಹೆಗಲ ಮೇಲೆಯೇ ಉಳಿಯಿತು.

ಅವರ ಮನೆಗೆ ಹೋಗಿ ವಿಷಯ ಹೇಳಿದಾಗ ಎಪ್ಪತ್ತೆಂಟರ ಮುದುಕರು ಎದ್ದು ನಿಂತರು. “ಕಾರ ಆದರೇನ, ಎತ್ತ ಆದರೇನ ಬೇಟಿ. ಮಾರಾಂವ ಮನಶ್ಯಾನ ಅಲ್ಲೇನ?” ಎಂದರು. ಹೊಸ ಟವೆಲ್ ತರಿಸಿ, ಹಳೆಯದೇ ಇರಲಿ ಎಂದು ಅದನ್ನೇ ಒಗೆಸಿ, ಇಸ್ತ್ರಿ ಮಾಡಿಸಿಕೊಂಡು ಹೊರಟರು. ಹತ್ತು ವರ್ಷವಾಗಿತ್ತಂತೆ ಯಾರಾದರೂ ಕರೆದು.

ದಾರಿಯುದ್ದಕ್ಕೂ ನನಗೆ ಒಂದೇ ಪಾಠ. “ನೋಡ ಬೇಟಿ, ಮಾಲ ಮನಸಿಗಿ ಬಂದದ ಅಂತ ಮಾರಾಂವಗ ತಿಳೀಬಾರದು. ಹೊಗಳಬ್ಯಾಡ. ಮುಟ್ಟಬ್ಯಾಡ. ಕಣ್ಣ ಅರಳಿಸಬ್ಯಾಡ. ಹಲ್ಲಂತೂ ಬಿಡಲೇಬ್ಯಾಡ.” ನಾನು ಗಂಭೀರವಾಗಿ ತಲೆಯಾಡಿಸಿದೆ. ಹಾಜರಿ ಹಾಕುವಾಗಿನ ಮುಖ ಮಾಡಿಕೊಂಡು ಹೋದರಾಯಿತು ಎಂದುಕೊಂಡೆ.

ಅಂಗಡಿಯ ಮ್ಯಾನೇಜರನ ಹೆಸರು ಪಂಪಣ್ಣ. ಟೈ ಕಟ್ಟಿದ್ದ, ಬೆಂಗಳೂರಿನ ಕನ್ನಡ ಆಡುತ್ತಿದ್ದ. “ಬನ್ನಿ ಮೇಡಂ, ಕಂಫರ್ಟ್ ಒಮ್ಮೆ ಫೀಲ್ ಮಾಡಿ” ಎಂದು ಹಿಂದಿನ ಬಾಗಿಲು ತೆರೆದ. ನಾನು ಹಾಜರಿ ಮುಖದಲ್ಲೇ ಒಳಗೆ ಕೂತೆ. ಅವನು ಏನೋ ಒತ್ತಿದ. ಸೀಟು ಮೆಲ್ಲಗೆ ಹಿಂದಕ್ಕೆ ಒರಗಿತು. ಕಾಲ ಕೆಳಗೆ ಮೆತ್ತನೆಯ ಹಲಗೆ ಎದ್ದು ಬಂದು ನನ್ನ ಆ ಹಾಳು ಮೊಣಕಾಲನ್ನು ಎತ್ತಿ ಹಿಡಿಯಿತು. ಬೆನ್ನಿಗೆ ತಂಗಾಳಿ. ಸಾಲದ್ದಕ್ಕೆ ಸೀಟು ಬೆನ್ನು ಒತ್ತತೊಡಗಿತು. ಹಿಹಿಹಿ ಎಂದು ಯಾರೋ ನಕ್ಕ ಸದ್ದು ಕೇಳಿಸಿತು. ನೋಡಿದರೆ ನಾನೇ.

ಗಾಜಿನಾಚೆ ಸರದಾರಸಾಬರು ಹಣೆ ಹಿಡಿದುಕೊಂಡಿದ್ದರು. “ಇಳಿ” ಎಂದು ಕಣ್ಣು ಮಾಡಿದರು. ನಾನು ಇಳಿಯಲಿಲ್ಲ. ಇಳಿಯಲಾಗಲಿಲ್ಲ ಎಂದರೆ ಸರಿ. ಪಂಪಣ್ಣ ಒಂದು ಕ್ಷಣದ ಹಿಂದೆ ಐವತ್ತು ಸಾವಿರ ಬಿಡೋಣ ಎನ್ನುತ್ತಿದ್ದವನು, ಈಗ ರೇಟು ಫಿಕ್ಸ್ ಸರ್, ಕಂಪನಿಯದು ಎಂದು ರಾಗ ತೆಗೆದ.

ಸರದಾರಸಾಬರು ಕಾರಿನ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಟಯರಿನ ಮೇಲೆ ಕೈಯಾಡಿಸಿದರು, ಬಾನೆಟ್ಟಿನ ಅಂಚಿನಲ್ಲಿ ಬೆರಳಿಟ್ಟು ಧೂಳು ತೆಗೆದು ನೋಡಿದರು. ಹಿತ್ತಲಲ್ಲಿ ಇದರಂಥದೇ ಇನ್ನೊಂದು ಬಿಳಿ ಕಾರು ನಿಂತಿತ್ತು, ಅದನ್ನೂ ನೋಡಿ ಬಂದರು. “ಭಾಳ ದಿನ ಕಟ್ಟಿದ ಜಾಗಾದಾಗ ನಿಂತದ” ಎಂದರು. ಆಮೇಲೆ ಹೆಗಲಿನಿಂದ ಟವೆಲ್ ತೆಗೆದು ಬಿಡಿಸಿ, ಬಲಗೈ ಮೇಲೆ ಹಾಕಿಕೊಂಡು ಸುಮ್ಮನೆ ನಿಂತರು.

ಪಂಪಣ್ಣ ಆ ಟವೆಲ್ ನೋಡಿದ. ನೋಡಿದವನೇ ಟೈ ಸಡಿಲ ಮಾಡಿದ. ಬೆಂಗಳೂರಿನ ಕನ್ನಡ ಎಲ್ಲಿ ಹೋಯಿತೋ ಏನೋ. “ಚಾಚಾ, ನಮ್ಮ ಮುತ್ಯಾ ಅಮಾತೆಪ್ಪ ಹಿಂಗ ನಿಂತಿರತಿದ್ದ, ಸುರಪುರದ ಸಂತ್ಯಾಗ! ನಾ ಹುಡುಗ ಇದ್ದಾಗ ಅವನ ಟವೆಲ್ ಬುಡಕ ಕೈ ಹಾಕಿ ಕಲ್ತೀನಿ!”

“ಅಮಾತೆಪ್ಪನ ಮೊಮ್ಮಗನೇನ ನೀ? ಅವನ ಮುಂದ ನಾ ಮೂರ ಸಲ ಸೋತೀನಿ. ಹಾಕು ಕೈ. ಒಂದ ಬೆರಳಿಗಿ ಒಂದ ಲಕ್ಷ. ನೀ ಹೇಳಿದ ರೇಟಿನಾಗ ಎಷ್ಟ ಇಳಸ್ತಿ ಅಷ್ಟ ಮಾತ್ರ.”

ಕೈ ಹೋಯಿತು. ಮೆಕ್ಯಾನಿಕ್ಕುಗಳು ಕೆಲಸ ಬಿಟ್ಟು ಬಂದು ನಿಂತರು, ರಸೀದಿ ಬರೆಯುವ ಹುಡುಗಿ ಕುರ್ಚಿ ಹತ್ತಿ ನೋಡಿದಳು. ನಾನು ಕಾರಿನ ಕಿಟಕಿಯಿಂದ ಕತ್ತು ಹೊರಹಾಕಿದೆ, ಬೆನ್ನು ಒತ್ತಿಸಿಕೊಳ್ಳುತ್ತಲೇ. ಟವೆಲ್ ಅಲುಗಾಡಿತು. ಪಂಪಣ್ಣ ಹುಬ್ಬೇರಿಸಿದ, ಬೆವತ, ನಕ್ಕ, ಮತ್ತೆ ಬೆವತ. ಸರದಾರಸಾಬರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಹತ್ತು ನಿಮಿಷವಾದ ಮೇಲೆ ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, “ಆತು. ಆರ ಇಳಿಸ್ಯಾನ” ಎಂದರು.

ಆರು ಲಕ್ಷ! ನಲವತ್ತಕ್ಕೆ ಕಾರು! ನಾನು ಬಾಗಿಲು ತೆರೆಯುವ ಬಗೆ ತಿಳಿಯದೆ ಒಳಗಿನಿಂದಲೇ ಚಪ್ಪಾಳೆ ತಟ್ಟಿದೆ. ನಮ್ಮವರು ಎಲೆಅಡಿಕೆ ಚೀಲ ಕೈಯಿಂದ ಬೀಳಿಸಿದರು. ಮೆಕ್ಯಾನಿಕ್ಕುಗಳು ಸಿಳ್ಳೆ ಹೊಡೆದರು. ಪಂಪಣ್ಣ ಸರದಾರಸಾಬರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಹುಡುಗಿಗೆ ಕೂಗಿ ಹೇಳಿದ: “ಎರಡ ಬಿಲ್ ಮಾಡವ್ವ. ಎರಡೂ ಬಿಳೀವು. ಒಂದೊಂದಕ್ಕ ನಲವತ್ತು, ಜೋಡಿಗಿ ಎಂಬತ್ತು.”

ಚಪ್ಪಾಳೆ ನಿಂತಿತು. “ಯಾವ ಜೋಡಿ?” ಎಂದರು ನಮ್ಮವರು, ಈ ಸಲ ಎಲೆ ಜಗಿಯದೆ.

ಪಂಪಣ್ಣ ಬೆಪ್ಪಾಗಿ ಸರದಾರಸಾಬರ ಕಡೆ ನೋಡಿದ. “ಚಾಚಾನ ಹೇಳ್ಯಾರಲ್ರಿ. ಬೆರಳ ಹಿಡಿಯೂಕಿಂತ ಮೊದಲ ನನ್ನ ಮಣಿಕಟ್ಟಿನ ಮ್ಯಾಲ ಎರಡ ಸಲ ತಟ್ಟ್ಯಾರ. ಒಂದ ಸಲ ತಟ್ಟಿದರ ಒಂಟಿ ಎತ್ತಿನ ವ್ಯಾಪಾರ, ಎರಡ ಸಲ ತಟ್ಟಿದರ ಜೋಡಿ. ಇವತ್ತ ತಿಂಗಳ ಕಡೀ ದಿನ, ಎರಡ ಹೋದರ ನಮಗ ಕಂಪನಿ ಬ್ಯಾರೆ ಇನಾಮ ಕೊಡತದ. ಅದಕ್ಕ ಆರ ಇಳಿಸೀನಿ. ಒಂದಕ್ಕಾದರ ಎರಡ ಲಕ್ಷಕ್ಕಿಂತ ಹೆಚ್ಚ ಇಳಸಂಗಿಲ್ಲ, ನನ್ನ ನೌಕರಿ ಹೋಗತದ.”

ಸರದಾರಸಾಬರು ತಮ್ಮ ಬಲಗೈಯನ್ನು ಎತ್ತಿ ಹಿಡಿದು, ಅದು ಬೇರೆ ಯಾರದೋ ಎನ್ನುವಂತೆ ನೋಡಿದರು. ಐವತ್ತು ವರ್ಷದಲ್ಲಿ ಆ ಕೈ ಒಂಟಿ ಎತ್ತಿನ ವ್ಯಾಪಾರವನ್ನೇ ಮಾಡಿರಲಿಲ್ಲ. ನಮ್ಮ ಕಡೆ ಒಂಟಿ ಎತ್ತು ಕೊಂಡು ಯಾರು ಏನು ಉಳುತ್ತಾರೆ? ಟವೆಲ್ ಕೆಳಗೆ ಹೋದ ಕೂಡಲೇ ಕೈ ತನ್ನ ಪಾಡಿಗೆ ತಾನು ಎರಡು ಸಲ ತಟ್ಟಿಬಿಟ್ಟಿತ್ತು.

“ಟವೆಲ್ ಕೊಡವೀನಿ” ಎಂದರು ಅವರು. ದನಿ ಸಣ್ಣದಾಗಿತ್ತು. “ಕೊಡವಿದ ಮ್ಯಾಲ ಮಾತ ತಿರುಗಿಸಿದಾಂವ ಅಲ್ಲ ನಾ. ಅದೂ ಅಮಾತೆಪ್ಪನ ಮೊಮ್ಮಗನ ಮುಂದ.” ಟವೆಲ್ ಅನ್ನು ನಾಲ್ಕು ಮಡಿಕೆ ಮಾಡಲು ಹೋದರು, ಮಡಿಕೆ ಕೂಡಲಿಲ್ಲ. “ಇದು ಇನ್ನ ಮೈ ಒರಸಾಕಷ್ಟ ಬೇಟಿ. ನೀವ ಮನಿಗಿ ನಡೀರಿ. ನಾ ಬಸ್ಸಿಗಿ ಬರತೀನಿ.”

ಹತ್ತು ವರ್ಷದ ಮೇಲೆ ಇಸ್ತ್ರಿ ಮಾಡಿಸಿದ ಟವೆಲ್ ಅದು. ಒಂದು ಕಾರು ಸಾಕೆಂದರೆ ಮುದುಕರ ಮಾತು ಹೋಯಿತು, ಜತೆಗೆ ನಲವತ್ತನಾಲ್ಕಕ್ಕಿಂತ ಕಡಿಮೆಗೆ ಕಾರು ಇಲ್ಲ, ಪಿಂಚಣಿ ಒಡೆಯಬೇಕು. ಎರಡೂ ಕೊಳ್ಳುವುದಕ್ಕೆ ನಾವೇನು ನವಾಬರಲ್ಲ. ಇವತ್ತೇ, ಅಂಗಡಿಯವರು ತಿಂಗಳ ಲೆಕ್ಕ ಮುಚ್ಚುವ ಸಂಜೆ ಐದರೊಳಗೆ, ಬಿಳಿಯ ದೊಡ್ಡ ಕಾರು ಕೊಳ್ಳುವ ತಾಕತ್ತೂ ಹಂಬಲವೂ ಇರುವವರು ಇನ್ನೊಬ್ಬರು ಬೇಕು. ಇಡೀ ಶಹಾಪುರ ತಾಲೂಕಿನಲ್ಲಿ ನನಗೆ ಗೊತ್ತಿದ್ದ ಅಂಥವಳು ಒಬ್ಬಳೇ.

ಸುಳ್ಳು ಯಾಕೆ ಹೇಳಲಿ, ಕಾಲು ಗಂಟೆ ಆ ಸೀಟಿನಲ್ಲೇ ಕೂತು ಜಗಳವಾಡಿದೆ, ನನ್ನ ಜತೆ ನಾನೇ. ಯಾರ ಹೊಟ್ಟೆ ಉರಿಸಲೆಂದು ಬಂದಿದ್ದೆನೋ ಅವಳಿಗೇ ಅದೇ ಕಾರು, ಅದೇ ಬಣ್ಣ, ಅದೇ ರೇಟಿಗೆ ನಾನೇ ಕೊಡಿಸಬೇಕೆ? ಹಾರ್ನ್ ಹೊಡೆಯುವುದಾದರೂ ಯಾರಿಗೆ? ಹೊರಗೆ ಸರದಾರಸಾಬರು ಇನ್ನೂ ಟವೆಲ್ ಮಡಿಚುತ್ತಿದ್ದರು. ನಾನು ಫೋನು ತೆಗೆದೆ. ಆರು ವರ್ಷವಾದರೂ ನಂಬರು ಬಾಯಿಪಾಠವಿತ್ತು.

“ಯಾರ್ರಿ?”

“ನಾನ ಅಕ್ಕಾ. ದೇವಕಮ್ಮ.”

ಆ ಕಡೆಯಿಂದ ಗಾಬರಿಯ ದನಿ: “ಯಾರ ಹೋದ್ರು?”

“ಯಾರೂ ಹೋಗಿಲ್ಲ. ಅಕ್ಕಾ, ನೀ ಕಾರ ತಗೊಳ್ಳಾಕಿ ಅಲ್ಲ? ಇವತ್ತ ತಗೋ. ಆರ ಲಕ್ಷ ಇಳಿಸ್ಯಾರ. ಎರಡ ತಗೊಂಡರ ಮಾತ್ರ.”

“ನೀ ಒಂದ ತಗೊಳ್ಳಾಕತ್ತೀಯೇನ?”

“ಹೂಂ.”

“ನನಕಿಂತ ಮೊದಲ?”

“ಬಂದರ ಜೋಡೀಲೆ. ಬರಲಿಲ್ಲಂದ್ರ ನನಗೂ ಇಲ್ಲ.”

“ಬಣ್ಣ ಯಾವುದು?” ಎಂದಳು ಮಾನಮ್ಮ. ಬಣ್ಣ ಕೇಳಿದವಳು ಬಂದೇ ಬರುತ್ತಾಳೆ.

ಮೂರು ಗಂಟೆಗೆ ಭಾವನ ಹಳೆಯ ಜೀಪು ಭೀಮಾ ಸೇತುವೆ ದಾಟಿ ಬಂದು ಅಂಗಡಿ ಮುಂದೆ ನಿಂತಿತು. ಮಾನಮ್ಮ ಇಳಿದಳು. ಭಾವ ಚೆಕ್ ಪುಸ್ತಕ ಹಿಡಿದು ಹಿಂದೆ. ಅವಳು ನನ್ನ ಮುಖ ನೋಡಲಿಲ್ಲ, ಹಿತ್ತಲಿನ ಕಾರಿನ ಹತ್ತಿರ ಹೋದಳು. ಸರದಾರಸಾಬರು ಓಡಿ ಹೋಗಿ, “ಮಾನಮ್ಮಾ, ಹಲ್ಲ ಬಿಡಬ್ಯಾಡ, ಕಣ್ಣ ಅರಳಿಸಬ್ಯಾಡ” ಎಂದು ಎಚ್ಚರಿಸಿದರು. ಅವಳು ಹಿಂದಿನ ಸೀಟಿನಲ್ಲಿ ಕೂತಳು. ಪಂಪಣ್ಣ ಒತ್ತಿದ. ಸೀಟು ಒರಗಿತು, ಕಾಲು ಎದ್ದವು. ಹಿಹಿಹಿ ಎಂಬ ಸದ್ದು ಅಂಗಡಿಯೊಳಗೆ ನನ್ನವರೆಗೂ ಕೇಳಿತು. ನನಗೂ ತಡೆಯಲಾಗದೆ ನಗು ಬಂತು.

ಇಳಿದು ಬಂದವಳು ನಾನು ಎಣಿಸಿರದ ಕೆಲಸ ಮಾಡಿದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ, “ನಲವತ್ತಂತೇನಪ? ಮೂವತ್ತೊಂಬತ್ತು” ಎಂದಳು.

“ಅಮ್ಮಾ, ಟವೆಲ್ ಕೊಡವಿ ಆಗ್ಯಾದ್ರಿ” ಎಂದ ಪಂಪಣ್ಣ.

“ಟವೆಲ್ ಗಂಡಸ್ರದು. ನಮ್ಮ ಹೆಂಗಸ್ರದು ಇನ್ನಾ ಚಾಲೂನ ಆಗಿಲ್ಲ.”

ನನಗೆ ಮೈಯೆಲ್ಲ ಹುರುಪು ಬಂತು. ಸೀಟಿನಲ್ಲಿ ಕೂತು ಕಾಲ ಕಳೆಯುವಾಗ ಬಾಗಿಲಿನ ಕಂಬಕ್ಕೆ ಅಂಟಿಸಿದ್ದ ಸಣ್ಣ ಚೀಟಿಯನ್ನು ನಾನು ಓದಿದ್ದೆ. ಅಕ್ಷರ ಕಂಡರೆ ಓದುವುದು ನನ್ನ ಚಟ. “ಅಕ್ಕಾ, ಕಾರ ತಯಾರಾಗಿ ಹತ್ತ ತಿಂಗಳಾಗ್ಯಾದ. ಚೀಟಿ ಮ್ಯಾಲ ಬರದಾರ. ಹೊಸದಂತ ಹೇಳಾಕತ್ತಾನ” ಎಂದೆ.

“ಹತ್ತ ತಿಂಗಳಾ? ಒಂದ ಕೂಸ ಹುಟ್ಟಿ ಸಾಲಿಗಿ ಹೋಗೋಹಂಗ ಆತಲ್ಲೋ!” ಎಂದಳು ಮಾನಮ್ಮ. ಲೆಕ್ಕ ತಪ್ಪಿತ್ತು, ನಾನು ತಿದ್ದಲಿಲ್ಲ.

ಆಮೇಲೆ ಅವಳು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ. ಅವಳು ಬ್ಯಾಟರಿ ಎಂದರೆ ನಾನು ಟಯರು ಎಂದೆ. ನಾನು ವಿಮೆ ಎಂದರೆ ಅವಳು ಮೇಲುಹೊದಿಕೆ ಎಂದಳು. ಅವಳು ಹೋಗುತ್ತೇನೆಂದು ಬಾಗಿಲವರೆಗೆ ನಡೆದರೆ ನಾನು ಅವಳ ಕೈ ಹಿಡಿದು ಎಳೆದು ತಂದೆ. ನಾನು ಹೊರಟಾಗ ಅವಳು ಎಳೆದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಕೂಡಿ ಬಾಳುತ್ತಿದ್ದಾಗ ಶಹಾಪುರದ ಸೀರೆ ಅಂಗಡಿಗಳಲ್ಲಿ ಇಪ್ಪತ್ತು ವರ್ಷ ಮಾಡಿದ್ದೇ ಅದು. ಅಣ್ಣತಮ್ಮ ಗೋಡೆಗೆ ಒರಗಿ ಒಂದೇ ಚೀಲದಿಂದ ಎಲೆ ಹಾಕಿಕೊಳ್ಳುತ್ತಿದ್ದರು. ಸರದಾರಸಾಬರು ತಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದರು, ಭುಜ ಮಾತ್ರ ನಗುವಿಗೆ ಕುಣಿಯುತ್ತಿತ್ತು.

ನಾಲ್ಕೂ ಮುಕ್ಕಾಲಿಗೆ ಪಂಪಣ್ಣ ಟೈ ಪೂರ್ತಿ ಬಿಚ್ಚಿ ಮೇಜಿನ ಮೇಲೆ ಒಗೆದ. ಮೂವತ್ತೊಂಬತ್ತೂವರೆ. ಹೊದಿಕೆ, ಕಾಲೊರಸು ಪುಕ್ಕಟೆ. “ಇನ್ನ ಒಂದ ಮಾತ ಆಡಿದರ ನಾ ಅಳತೀನ್ರಿ ಅಕ್ಕಾರ” ಎಂದ. ಬಿಟ್ಟೆವು.

ಮೂರನೆಯ ದಿನ ಕಾರು ಒಯ್ಯಲು ಹೋದೆವು. ಎರಡೂ ಬಿಳಿ, ಎರಡೂ ಸಮ ಎತ್ತರ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಬಾನೆಟ್ಟಿಗೆ ಅಂಗಡಿಯವರು ಕಟ್ಟಿದ್ದ ಕೆಂಪು ರಿಬ್ಬನ್ನನ್ನು ಸರದಾರಸಾಬರು ಬಿಚ್ಚಿ ಪಂಪಣ್ಣನ ಕೈಗೆ ಕೊಟ್ಟರು. ಎತ್ತು ಮಾರಿದವನು ತನ್ನ ಹಗ್ಗ ತಾನು ಇಟ್ಟುಕೊಳ್ಳಬೇಕು. ಕೊಂಡವರು ತಮ್ಮ ಹಗ್ಗ ತರಬೇಕು. ಅವರು ಕೆಂಭಾವಿಯಿಂದ ಹೊಸ ಹುರಿ ತಂದಿದ್ದರು, ಗೆಜ್ಜೆ ಸಮೇತ. ಎರಡಕ್ಕೂ ಕಟ್ಟಿದರು. ಟವೆಲ್ ಮತ್ತೆ ಇಸ್ತ್ರಿಯಾಗಿತ್ತು. ದಲ್ಲಾಳಿ ಹಣ ಕೊಡಲು ಹೋದರೆ, ಮೂರು ಜನ ಎತ್ತಿನವರು ಆಗಲೇ ಬಂದು ಕರೆದಿದ್ದಾರೆ, ಇಬ್ಬರು ಟ್ರ್ಯಾಕ್ಟರಿನವರೂ ಕರೆದಿದ್ದಾರೆ ಎಂದು ಜಂಬದಿಂದ ಹೇಳಿ, ಹಣವನ್ನೂ ಇಸಿದುಕೊಂಡರು.

ಭಾವ ತಮ್ಮ ಕಾರಿನಲ್ಲಿ ಸರದಾರಸಾಬರನ್ನು ಮುಂದೆ ಕೂರಿಸಿಕೊಂಡು ಹೊರಟರು. ನಮ್ಮದಕ್ಕೆ ನಮ್ಮವರೇ ಡ್ರೈವರು. ನಾನು ಮುಂದಿನ ಬಾಗಿಲಿಗೆ ಕೈ ಹಾಕಿದ್ದೆ, ಹಿಂದೆ ಮಾನಮ್ಮ ಬಂದು ನಿಂತಿದ್ದಳು. ತನ್ನ ಕಾರು ಬಿಟ್ಟು ಇಲ್ಲಿಗೆ ಯಾಕೆ ಬಂದಳೋ ಕೇಳಲಿಲ್ಲ.

“ನಿನ್ನ ಗಾಡಿ ಅದ. ಮುಂದ ನೀನ ಕುಂದ್ರು” ಎಂದಳು. ಕಣ್ಣು ಮಾತ್ರ ಚಪ್ಪಲಿ ಮೇಲೆ.

ಆರು ವರ್ಷ ಆ ಮಾತಿಗೆ ನಾನು ನೂರು ಉತ್ತರ ಕಟ್ಟಿಟ್ಟಿದ್ದೆ, ಎಲ್ಲವನ್ನೂ ಬಿಟ್ಟೆ. “ಹಿಂದ ಬೆನ್ನ ಒತ್ತತದ ಅಕ್ಕಾ, ಮುಂದ ಏನದ?” ಎಂದು ಅವಳ ಕೈ ಹಿಡಿದು ಹಿಂದೆ ಹತ್ತಿಸಿ ನಾನೂ ಹತ್ತಿದೆ. ಮುಂದಿನ ಸೀಟಿನ ಮೇಲೆ ಪೇಡೆ ಡಬ್ಬಿ ಕೂತಿತು.

ನಮ್ಮವರು ಟ್ರ್ಯಾಕ್ಟರಿನ ಅಭ್ಯಾಸಕ್ಕೆ ತಿರುವಿನಲ್ಲೆಲ್ಲ ಕೈ ಹೊರಗೆ ಹಾಕುತ್ತ ಓಡಿಸಿದರು. ಕಾಲುವೆ ಏರಿಯ ಮೇಲೆ ಬಂದಾಗ ಎರಡೂ ಕಡೆ ನಾಟಿ ಮಾಡಿದ ಹಸಿರು, ಮುಂದೆ ಭಾವನ ಬಿಳಿ ಕಾರು, ಗೆಜ್ಜೆ ಸದ್ದು. ನನಗೆ ತಡೆಯಲಾಗಲಿಲ್ಲ. “ಅಕ್ಕಾ, ಒಂದ ಮಾತ ಹೇಳತೀನಿ, ಸಿಟ್ಟಾಗಬ್ಯಾಡ. ನಿನ್ನ ಮನಿ ಮುಂದ ಹಾರ್ನ್ ಹೊಡದು ಹೋಗಬೇಕಂತನ ನಾ ಈ ಕಾರ ತಗೊಂಡೀನಿ.”

ಮಾನಮ್ಮ ಪೇಡೆ ನುಂಗಿದಳು. “ಮತ್ತ ನಾ ಯಾಕ ತಗೊಳ್ಳಾಕತ್ತಿದ್ದೆ ಅಂದುಕೊಂಡಿ?”

ಇಬ್ಬರೂ ನಕ್ಕ ಸದ್ದಿಗೆ ನಮ್ಮವರು ಬ್ರೇಕ್ ಹಾಕಿದರು. ಮತ್ತೆ ಹೊರಟು ಊರು ಹೊಕ್ಕು, ಓಣಿ ತಿರುಗಿ, ಅವಳ ಮನೆಯ ಮುಂದೆ ಬಂದಾಗ ಮಾನಮ್ಮ ನೆಟ್ಟಗೆ ಕೂತಳು. “ಹುಲಗಪ್ಪಾ, ಹಾರ್ನ್ ಹೊಡಿ.”

“ಇದು ನಿಮ್ಮದ ಮನಿ ಅಲ್ಲೇನ ವೈನಿ?” ಎಂದರು ನಮ್ಮವರು.

“ಒಳಗ ನನ್ನ ಸೊಸಿ ಅದಾಳ, ಈ ವಯಸ್ಸಿನಾಗ ಕಾರ ಯಾಕ ಅಂದಾಕಿ. ಹೊಡಿ.”

ನಮ್ಮವರಿಗೆ ನಾಚಿಕೆಯಾಯಿತು, ಹೊಡೆಯಲಿಲ್ಲ. ನಾನು ಮಾನಮ್ಮನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರೂ ಹಿಂದಿನಿಂದ ಎದ್ದು, ಪೇಡೆ ಡಬ್ಬಿ ಉರುಳಿಸಿ, ನಮ್ಮವರ ಹೆಗಲ ಮೇಲಿಂದ ಕೈ ಚಾಚಿ, ಒಬ್ಬರ ಕೈ ಮೇಲೊಬ್ಬರು ಕೈಯಿಟ್ಟು ಹಾರ್ನ್ ಒತ್ತಿದೆವು. ಸೊಸೆ ಬಾಗಿಲಿಗೆ ಬಂದು ನೋಡಿದಳು. ಇಡೀ ಓಣಿ ಬಂದು ನೋಡಿತು. ಆದರೂ ಬಹಳ ಹೊತ್ತು ನಾವು ಕೈ ತೆಗೆಯಲಿಲ್ಲ.